ಐರನ್ ಮೇಡನ್‌ಗೆ ಐವತ್ತು: ಆ ಬ್ಯಾಂಡ್ ಇವತ್ತಿಗೂ ಮುಖ್ಯವೇ?

1975ರ ಕ್ರಿಸ್‌ಮಸ್ ದಿನ ಪೂರ್ವ ಲಂಡನ್ನಿನ ಲೇಟನ್‌ನಲ್ಲಿ ಸ್ಟೀವ್ ಹ್ಯಾರಿಸ್ ಎಂಬ ಹತ್ತೊಂಬತ್ತರ ಹುಡುಗ ಕಟ್ಟಿದ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್. ಹ್ಯಾರಿಸ್ ಈಗಲೂ ಅದರ ಬೇಸ್ ಗಿಟಾರಿಗ, ಈಗಲೂ ಅದರ ಯಜಮಾನ. ಐವತ್ತನೇ ವರ್ಷದ ಟೂರ್ 2025ರ ಮೇ 27ರಂದು ಬುಡಾಪೆಸ್ಟ್‌ನಲ್ಲಿ ಶುರುವಾದಾಗಿನಿಂದ ಮೇಡನ್ ಅಭಿಮಾನಿಗಳ ನಡುವೆ ಹಳೇ ಜಗಳವೊಂದು ಹೊಸದಾಗಿ ಎದ್ದಿದೆ. ಈ ಬ್ಯಾಂಡಿಗೆ ಇವತ್ತು ಹೇಳಲು ಏನಾದರೂ ಉಳಿದಿದೆಯೇ, ಅಥವಾ ನಾವು ನಮ್ಮ ಹಳೆಯ ಪ್ರೀತಿಗೆ ಕೈ ಮುಗಿಯುತ್ತಿದ್ದೇವೆಯೇ? ಇಲ್ಲಿ ಬರೆದಿರುವ ಇಬ್ಬರೂ ಮೇಡನ್ ಕೇಳಿಯೇ ಬೆಳೆದವರು.

ಪರ: ಮೇಡನ್ ಮುಗಿದ ಅಧ್ಯಾಯವಲ್ಲ

ಮೇಡನ್ ಕಥೆ ಮುಗಿಯಿತು ಅನ್ನುವ ಮಾತಿಗೇ ಮೂವತ್ತೈದು ವರ್ಷ ವಯಸ್ಸಾಗಿದೆ. 1990ರಲ್ಲಿ ಗಿಟಾರಿಗ ಏಡ್ರಿಯನ್ ಸ್ಮಿತ್ ಬಿಟ್ಟು ಹೋದಾಗ ಹಾಗೆಂದರು. 1993ರಲ್ಲಿ ಹಾಡುಗಾರ ಬ್ರೂಸ್ ಡಿಕಿನ್‌ಸನ್ ಹೊರಟಾಗ ಇನ್ನೂ ಗಟ್ಟಿಯಾಗಿ ಅಂದರು. ಅದೇ ಹೊತ್ತಿಗೆ ಸಿಯಾಟಲ್‌ನ ಗ್ರಂಜ್ ಎಂಬ ಹೊಸ ರಾಕ್ ಸಂಗೀತದ ಅಲೆ ಬಂದು ಎಂಬತ್ತರ ದಶಕದ ಹೆವಿ ಮೆಟಲ್ ಬ್ಯಾಂಡುಗಳನ್ನು ಸಾಲುಸಾಲಾಗಿ ಮಲಗಿಸಿತು. ಡಿಕಿನ್‌ಸನ್ ಜಾಗಕ್ಕೆ ಬಂದ ಬ್ಲೇಜ್ ಬೇಲಿ ಹಾಡುತ್ತಿದ್ದ ಐದು ವರ್ಷಗಳಲ್ಲಿ ಅಮೆರಿಕದ ದೊಡ್ಡ ಅರೀನಾಗಳು ತಪ್ಪಿಹೋಗಿ ಚಿಕ್ಕ ಜಾಗಗಳಲ್ಲಿ ನುಡಿಸಬೇಕಾಯಿತು. ಬೇರೆ ಯಾವ ಬ್ಯಾಂಡಾದರೂ ಆಗ ಎರಡರಲ್ಲಿ ಒಂದು ಮಾಡುತ್ತಿತ್ತು: ಅಂಗಡಿ ಮುಚ್ಚುತ್ತಿತ್ತು, ಇಲ್ಲವೇ ಹೊಸ ಫ್ಯಾಷನ್ನಿಗೆ ತಕ್ಕ ಹಾಗೆ ವೇಷ ಬದಲಿಸುತ್ತಿತ್ತು. ಹ್ಯಾರಿಸ್ ಎರಡನ್ನೂ ಮಾಡಲಿಲ್ಲ. ತಮಗೆ ಸರಿ ಕಂಡ ಸಂಗೀತವನ್ನೇ ನುಡಿಸುತ್ತ ಕೂತರು. 1999ರಲ್ಲಿ ಡಿಕಿನ್‌ಸನ್ ಮತ್ತು ಸ್ಮಿತ್ ಇಬ್ಬರೂ ಮರಳಿದಾಗ, ನಡುವೆ ಬಂದಿದ್ದ ಗಿಟಾರಿಗ ಜಾನಿಕ್ ಗರ್ಸ್ ಅವರನ್ನು ಕಳಿಸುವ ಬದಲು ಮೂರು ಗಿಟಾರುಗಳ ಬ್ಯಾಂಡ್ ಆದರು.

ಆಮೇಲಿನ ಕೆಲಸವನ್ನು ಕೇಳದೆಯೇ ತೀರ್ಪು ಕೊಡುವವರ ಮೇಲೆ ನನಗೆ ನಿಜಕ್ಕೂ ಬೇಸರವಿದೆ. 2000ದ ‘ಬ್ರೇವ್ ನ್ಯೂ ವರ್ಲ್ಡ್’ನಿಂದ 2021ರ ‘ಸೆಂಜುಟ್ಸು’ವರೆಗೆ ಆರು ಆಲ್ಬಮ್‌ಗಳು ಬಂದಿವೆ. 2003ರ ‘ಪ್ಯಾಶೆಂಡೇಲ್’ ಹಾಡು ಮೊದಲ ಮಹಾಯುದ್ಧದ ಕೆಸರು ಕಂದಕದಲ್ಲಿ ಸಾಯುವ ಸೈನಿಕನದು. ಅದರಲ್ಲಿ ನಿಕೋ ಮೆಕ್‌ಬ್ರೇನ್ ಅವರ ಡ್ರಮ್ಸ್ ಗುಂಡಿನ ಮಳೆಯಂತೆ ಬಂದು ನಿಲ್ಲುತ್ತದೆ, ಮತ್ತೆ ಬರುತ್ತದೆ. ಆ ನಿಲುಗಡೆಗಳಲ್ಲಿ ಕೇಳುವವರ ಉಸಿರು ಕಟ್ಟುತ್ತದೆ. 1983ರ ‘ದ ಟ್ರೂಪರ್’ ಕ್ರಿಮಿಯಾ ಯುದ್ಧದ ಕುದುರೆ ಸವಾರನನ್ನು ನಾಗಾಲೋಟದಲ್ಲಿ ಹಾಡಿತ್ತು, ಅದರಲ್ಲಿ ಯೌವನದ ಹುಮ್ಮಸ್ಸಿತ್ತು. ಇಪ್ಪತ್ತು ವರ್ಷದ ನಂತರ ಅದೇ ಬ್ಯಾಂಡ್ ಯುದ್ಧವನ್ನು ನೋಡುವ ರೀತಿಯೇ ಬದಲಾಗಿದೆ, ಹುಮ್ಮಸ್ಸಿನ ಜಾಗಕ್ಕೆ ದುಃಖ ಬಂದಿದೆ. ವಯಸ್ಸಾದವರಷ್ಟೇ ಮಾಡಬಹುದಾದ ಸಂಗೀತ ಇದು.

2006ರಲ್ಲಿ ‘ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್’ ಬಂದಾಗ ಅವರು ಮಾಡಿದ್ದನ್ನು ನೆನೆಸಿಕೊಳ್ಳಿ. ಜನ ಹಳೆಯ ಹಾಡುಗಳಿಗೆ ಕಾಸು ಕೊಟ್ಟು ಬಂದಿದ್ದರು. ಇವರು ವೇದಿಕೆ ಮೇಲೆ ಹೊಸ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಹಾಡೂ ಬಿಡದೆ ನುಡಿಸಿದರು. ಗೊಣಗಿದವರಿದ್ದರು, ಆದರೆ ಬ್ಯಾಂಡ್ ಬಗ್ಗಲಿಲ್ಲ. ಹಳೆಯದನ್ನೇ ಮಾರಿಕೊಂಡು ಬದುಕುವವರು ಇಂಥ ಹಟ ತೊಡುವುದಿಲ್ಲ.

2015ರ ‘ಎಂಪೈರ್ ಆಫ್ ದ ಕ್ಲೌಡ್ಸ್’ ನನಗೆ ಇನ್ನೂ ಹತ್ತಿರದ್ದು. ಹದಿನೆಂಟು ನಿಮಿಷದ ಹಾಡು, ಡಿಕಿನ್‌ಸನ್ ಪಿಯಾನೊ ಮುಂದೆ ಕೂತು ಬರೆದದ್ದು. ಆರ್-101 ಎಂಬ ಬ್ರಿಟಿಷ್ ವಾಯುನೌಕೆ 1930ರ ಅಕ್ಟೋಬರ್‌ನಲ್ಲಿ ಭಾರತಕ್ಕೆಂದು, ಆಗ ನಮ್ಮದೇ ಭಾಗವಾಗಿದ್ದ ಕರಾಚಿಗೆಂದು ಹೊರಟು, ಫ್ರಾನ್ಸಿನ ಉತ್ತರದಲ್ಲಿ ನೆಲಕ್ಕಪ್ಪಳಿಸಿ ಉರಿದು ಹೋಯಿತು. 48 ಜನ ಸತ್ತರು. ಸಾಮ್ರಾಜ್ಯದ ಅಹಂಕಾರ, ಗಡುವಿಗಾಗಿ ಮಾಡಿದ ಆತುರ, ಮಳೆಯ ರಾತ್ರಿ, ಎಲ್ಲವನ್ನೂ ಆ ಹಾಡು ನಿಧಾನವಾಗಿ ಕಟ್ಟುತ್ತದೆ. ಇದನ್ನು ಹಾಡುವಾಗ ಡಿಕಿನ್‌ಸನ್ ಅವರ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಗಡ್ಡೆಯಿತ್ತು, ಅದು ಪತ್ತೆಯಾದದ್ದು ಆಮೇಲೆ. ಚಿಕಿತ್ಸೆ ಮುಗಿಸಿ ಗುಣವಾದರು, ಮರುವರ್ಷವೇ ಬ್ಯಾಂಡನ್ನೆಲ್ಲ ಕೂರಿಸಿಕೊಂಡು ಬೋಯಿಂಗ್ 747 ಹಾರಿಸುತ್ತ ಜಗತ್ತು ಸುತ್ತಿದರು.

ಇನ್ನು ಪ್ರಭಾವದ ಮಾತು. ಹ್ಯಾರಿಸ್ ಬೇಸ್ ನುಡಿಸುವಾಗ ತಂತಿ ಮೀಟುವ ಪಿಕ್ ಹಿಡಿಯುವುದಿಲ್ಲ. ಬರೀ ಬೆರಳಿನಲ್ಲಿ ಒಂದು ಉದ್ದ ಸ್ವರ, ಅದರ ಬೆನ್ನಿಗೇ ಎರಡು ಗಿಡ್ಡ ಸ್ವರ, ಹೀಗೆ ಕುದುರೆ ಓಡಿಸುತ್ತಾರೆ. ಸಾಮಾನ್ಯವಾಗಿ ಡ್ರಮ್ಸ್‌ನ ನೆರಳಲ್ಲಿ ನಿಲ್ಲುವ ಬೇಸ್ ಅವರ ಕೈಯಲ್ಲಿ ಹಾಡಿನ ಮುಂಚೂಣಿಗೆ ಬಂತು. ಅದರ ಮೇಲೆ ಎರಡು ಗಿಟಾರುಗಳು ಒಂದೇ ರಾಗವನ್ನು ಬೇರೆ ಬೇರೆ ಎತ್ತರದಲ್ಲಿ ಜೊತೆಯಾಗಿ ಹಾಡುತ್ತವೆ. ಈ ಜೋಡಿ ಗಿಟಾರಿನ ರಾಗ ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಹೋಯಿತು. ಇನ್ ಫ್ಲೇಮ್ಸ್, ಡಾರ್ಕ್ ಟ್ರಾಂಕ್ವಿಲಿಟಿ ಮುಂತಾದ ಬ್ಯಾಂಡುಗಳು ಅದಕ್ಕೆ ಡೆತ್ ಮೆಟಲ್‌ನ ಗುಡುಗು ದನಿ ಸೇರಿಸಿ ತೊಂಬತ್ತರ ದಶಕದಲ್ಲಿ ಒಂದು ಹೊಸ ಪ್ರಕಾರವನ್ನೇ ಹುಟ್ಟಿಸಿದವು. ಅಮೆರಿಕದಲ್ಲಿ ಅವೆಂಜ್ಡ್ ಸೆವೆನ್‌ಫೋಲ್ಡ್, ಟ್ರಿವಿಯಂ ಕೇಳಿದರೂ ಅದೇ ಜೋಡಿ ಗಿಟಾರು ಕೇಳುತ್ತದೆ. ನಮ್ಮ ಬೆಂಗಳೂರಿನ ಕ್ರಿಪ್ಟೋಸ್ 1998ರಲ್ಲಿ ಹುಟ್ಟಿ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದ ವೇದಿಕೆ ಏರಿತು. ಅವರ ಗಿಟಾರುಗಳಲ್ಲಿ ಎಂಬತ್ತರ ದಶಕದ ಬ್ರಿಟನ್ ಎಷ್ಟು ತುಂಬಿಕೊಂಡಿದೆ ಎಂದು ಕಿವಿ ಇದ್ದವರಿಗೆ ಹೇಳಬೇಕಿಲ್ಲ.

ಬೆಂಗಳೂರಿನ ಮಾತು ಬಂದ ಮೇಲೆ 2007ರ ಮಾರ್ಚ್ 17ನ್ನು ಬಿಟ್ಟು ಮುಂದೆ ಹೋಗಲಾರೆ. ಅಲ್ಲಿಯವರೆಗೆ ನಮ್ಮ ದೇಶಕ್ಕೆ ಬರುತ್ತಿದ್ದ ದೊಡ್ಡ ರಾಕ್ ಬ್ಯಾಂಡುಗಳಲ್ಲಿ ಹೆಚ್ಚಿನವು ಹೊರಗೆ ಜನ ಕಡಿಮೆಯಾದ ಮೇಲೆ ಇತ್ತ ಮುಖ ಮಾಡಿದಂಥವು ಎಂಬ ನೋವು ನಮಗಿತ್ತು. ಮೇಡನ್ ಅರಮನೆ ಮೈದಾನಕ್ಕೆ ಬಂದದ್ದು ಹೊಸ ಆಲ್ಬಮ್ ಕೈಯಲ್ಲಿ ಹಿಡಿದು, ತಮ್ಮ ಎರಡನೇ ಏರುಕಾಲದ ನಡುಮಧ್ಯೆ. ಅದೇ ಸಂಜೆ ವೆಸ್ಟ್ ಇಂಡೀಸ್‌ನಲ್ಲಿ ನಮ್ಮ ದ್ರಾವಿಡ್ ನಾಯಕತ್ವದ ತಂಡ ವಿಶ್ವಕಪ್‌ನಲ್ಲಿ ಬಾಂಗ್ಲಾದೇಶದ ಎದುರು ಸೋಲುತ್ತಿತ್ತು. ಇಡೀ ದೇಶ ಟಿವಿ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಬೆಂಗಳೂರಿನ ಆ ಮೈದಾನದಲ್ಲಿ ಗುವಾಹಟಿ, ಶಿಲ್ಲಾಂಗ್‌ನಿಂದ ರೈಲು ಹತ್ತಿ ಬಂದ ಹುಡುಗರು ಇನ್ನೇನನ್ನೂ ನೆನೆಯದೆ ಹಾಡುತ್ತಿದ್ದರು. ಮೊದಲು ನುಡಿಸಿದ ದೆಹಲಿಯ ಪರಿಕ್ರಮಾ ಬ್ಯಾಂಡಿಗೆ ಅದೇ ವರ್ಷ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದ ಬಾಗಿಲು ತೆರೆಯಿತು. 2008ರ ಫೆಬ್ರವರಿ 1ರಂದು ಮೇಡನ್ ತನ್ನ ಮುಂದಿನ ವಿಶ್ವ ಪ್ರವಾಸವನ್ನು ಶುರುಮಾಡಿದ್ದೇ ಮುಂಬೈಯಿಂದ. 2009ರಲ್ಲಿ ಮತ್ತೆ ಬೆಂಗಳೂರು. ಇಲ್ಲಿ ಹೆವಿ ಮೆಟಲ್‌ಗೆ ಜನ ಇದ್ದಾರೆ ಎಂದು ಹೊರಗಿನವರಿಗೆ ತೋರಿಸಿಕೊಟ್ಟದ್ದು ಆ ವರ್ಷಗಳು.

ಇದು ನಮಗೆ ಮಾತ್ರ ಮಾಡಿದ ಉಪಕಾರವೂ ಅಲ್ಲ. 1984ರ ಆಗಸ್ಟ್‌ನಲ್ಲಿ, ಶೀತಲ ಸಮರ ಇನ್ನೂ ಬಿಸಿಯಾಗಿದ್ದಾಗ, ಪೂರ್ಣ ವೇದಿಕೆ, ಪೂರ್ಣ ದೀಪಗಳ ಸಮೇತ ಪೋಲೆಂಡ್, ಹಂಗೇರಿ, ಯುಗೊಸ್ಲಾವಿಯಗಳಿಗೆ ಹೋಗಿ ನುಡಿಸಿ ಬಂದವರು ಇವರು. 1992ರಲ್ಲಿ ಚಿಲಿಯಲ್ಲಿ ಚರ್ಚಿನವರ ಒತ್ತಡಕ್ಕೆ ಕಾರ್ಯಕ್ರಮವೇ ರದ್ದಾಗಿತ್ತು. ಈಗ ಸಾಂಟಿಯಾಗೋದ ಕ್ರೀಡಾಂಗಣ ಮೇಡನ್‌ಗಾಗಿ ತುಂಬಿ ತುಳುಕುತ್ತದೆ. ರೇಡಿಯೊದವರು ಎಂದೂ ಇವರ ಬೆನ್ನಿಗೆ ನಿಲ್ಲಲಿಲ್ಲ. ಊರಿಂದೂರಿಗೆ ಹೋಗಿ, ಜನರ ಮುಂದೆ ನಿಂತು ಸಂಪಾದಿಸಿದ ಪ್ರೀತಿ ಇದು, ಹಾಗಾಗಿ ಅಷ್ಟು ಸುಲಭಕ್ಕೆ ಕರಗುವುದಿಲ್ಲ.

ಹಳೇ ಹಾಡುಗಳನ್ನೇ ಮತ್ತೆ ಮತ್ತೆ ಹಾಡುತ್ತಾರೆ ಎಂಬ ದೂರಿಗೆ ನನ್ನ ಉತ್ತರ ಕರಾವಳಿಯಿಂದ ಬರುತ್ತದೆ. ಯಕ್ಷಗಾನದ ಬಯಲಾಟಕ್ಕೆ ಕೂತವರಿಗೆಲ್ಲ ಪ್ರಸಂಗ ಗೊತ್ತು. ಅಭಿಮನ್ಯು ಬದುಕಿ ಬರುವುದಿಲ್ಲ ಎಂದು ಮಕ್ಕಳಿಗೂ ಗೊತ್ತು. ಆದರೂ ಬೆಳಗಿನವರೆಗೆ ಕೂರುತ್ತಾರೆ. ‘ಹ್ಯಾಲೋಡ್ ಬಿ ದೈ ನೇಮ್’ನಲ್ಲಿ ಗಲ್ಲಿಗೇರಲಿರುವ ಕೈದಿಯ ಕೋಣೆಯ ಗಂಟೆ ಬಾರಿಸಿದಾಗ ನಮಗಾಗುವುದೂ ಅದೇ. ಮೇಡನ್ ಕಥೆ ಹೇಳುವ ಬ್ಯಾಂಡ್. ಕೋಲ್‌ರಿಜ್ ಬರೆದ ಮುದಿ ನಾವಿಕನ ಪದ್ಯವನ್ನು ಹದಿಮೂರು ನಿಮಿಷ ಮೀರಿದ ಹಾಡಾಗಿಸಿ, ಕಾಲೇಜಿನ ಪಠ್ಯಕ್ಕಿಂತ ಮೊದಲೇ ಎಷ್ಟೋ ಜನರ ಕಿವಿಗೆ ಮುಟ್ಟಿಸಿದವರು ಇವರು. ನನ್ನ ಗೆಳೆಯರಲ್ಲೇ ಅಂಥವರಿದ್ದಾರೆ.

ಕೊನೆಗೆ ನಿಕೋ ಮೆಕ್‌ಬ್ರೇನ್. 2023ರ ಜನವರಿಯಲ್ಲಿ ಪಾರ್ಶ್ವವಾಯು ಬಡಿದು ಅವರ ದೇಹದ ಒಂದು ಭಾಗ ಸೋತಿತ್ತು. ಎಪ್ಪತ್ತು ದಾಟಿದ ಡ್ರಮ್ಮರ್ ನಾಲ್ಕೈದು ತಿಂಗಳೊಳಗೆ ವೇದಿಕೆಗೆ ಮರಳಿದರು. ಆ ಟೂರ್‌ನಲ್ಲೇ 1986ರ ‘ಅಲೆಕ್ಸಾಂಡರ್ ದ ಗ್ರೇಟ್’ ಮೊಟ್ಟಮೊದಲ ಬಾರಿ ವೇದಿಕೆ ಕಂಡಿತು, ಅದರ ಪಕ್ಕದಲ್ಲೇ ‘ಸೆಂಜುಟ್ಸು’ವಿನ ಹೊಸ ಹಾಡುಗಳಿದ್ದವು. ಕಷ್ಟವಾದ ಕೆಲವು ಏಟುಗಳನ್ನು ನಿಕೋ ಸರಳ ಮಾಡಿಕೊಂಡರು, ಆದರೆ ಹಾಡುಗಳನ್ನು ಬೀಳದಂತೆ ಎತ್ತಿ ಹಿಡಿದರು. 2024ರ ಡಿಸೆಂಬರ್ 7ರಂದು ಸಾವೊ ಪಾಲೊದಲ್ಲಿ ಕೊನೆಯ ಬಾರಿ ನುಡಿಸಿ ಟೂರ್‌ಗಳಿಂದ ಕೆಳಗಿಳಿದರು. ಸೈಮನ್ ಡಾಸನ್ ಆ ಜಾಗಕ್ಕೆ ಬಂದರು, ಬ್ಯಾಂಡ್ ಮುಂದುವರಿಯಿತು. ಜನರಿಗೆ ಫೋನು ಜೇಬಿನಲ್ಲಿಟ್ಟು ಕಣ್ಣಿನಿಂದ ನೋಡಿ ಎಂದು ಟೂರ್‌ಗೆ ಮೊದಲೇ ಕೇಳಿಕೊಂಡರು. ಇವತ್ತಿನ ಸಂಗೀತ ಜಗತ್ತಿಗೆ ಹೀಗೆ ನೇರವಾಗಿ ಹೇಳುವ ಧೈರ್ಯ, ಹೇಳಿದರೆ ಕೇಳಿಸಿಕೊಳ್ಳುವ ಜನ, ಎರಡೂ ಇರುವ ಬ್ಯಾಂಡುಗಳು ಎಷ್ಟಿವೆ? ಅದು ಇರುವವರೆಗೆ ಮೇಡನ್ ನನಗೆ ಮುಖ್ಯ.

ವಿರೋಧ: ಋಣ ಬೇರೆ, ಇವತ್ತು ಬೇರೆ

ಗೆಳೆಯರು ಬರೆದದ್ದರಲ್ಲಿ ಒಂದು ಸಂಗತಿಯನ್ನೂ ನಾನು ಸುಳ್ಳೆನ್ನುವುದಿಲ್ಲ. ‘ಪ್ಯಾಶೆಂಡೇಲ್’ ಬಗ್ಗೆ ಅವರು ಹೇಳಿದ್ದಕ್ಕೆ ನನ್ನ ಸಹಿಯೂ ಇದೆ. ನಾನು ಗಿಟಾರ್ ಹಿಡಿದದ್ದೇ ಮೇಡನ್ ಗಿಟಾರಿಗ ಡೇವ್ ಮರೆ ಅವರ ಬೆರಳು ತಂತಿಯ ಮೇಲೆ ಜಾರುವುದನ್ನು ಕೇಳಿ. ಆದರೆ ಅವರು ಕೊಟ್ಟ ಸಾಕ್ಷಿಗಳೆಲ್ಲ ಸೇರಿ ಹೇಳುವುದು ಮೇಡನ್ ದೊಡ್ಡ ಬ್ಯಾಂಡ್ ಎಂದು. ಅದನ್ನು ಯಾರೂ ಅಲ್ಲಗಳೆದಿಲ್ಲ. ಪ್ರಶ್ನೆ ಇರುವುದು, ಇವತ್ತು ಹೆವಿ ಮೆಟಲ್ ಮುಂದಕ್ಕೆ ಹೋಗುತ್ತಿರುವ ದಾರಿಯಲ್ಲಿ ಮೇಡನ್ ಇದೆಯೇ ಎಂಬುದರ ಬಗ್ಗೆ. ಇಲ್ಲ ಎಂದು ನಾನು ಹೇಳುತ್ತೇನೆ.

ಮೊದಲು ಬ್ಯಾಂಡಿನ ಮಾತನ್ನೇ ಕೇಳೋಣ. ಐವತ್ತನೇ ವರ್ಷದ ಟೂರ್‌ಗೆ ಅವರೇ ಹಾಕಿಕೊಂಡ ಗಡಿ ಏನು? 1980ರ ಮೊದಲ ಆಲ್ಬಮ್‌ನಿಂದ 1992ರ ‘ಫಿಯರ್ ಆಫ್ ದ ಡಾರ್ಕ್’ವರೆಗಿನ ಒಂಬತ್ತು ಆಲ್ಬಮ್‌ಗಳ ಹಾಡು ಮಾತ್ರ. ಗೆಳೆಯರು ಅಷ್ಟು ಪ್ರೀತಿಯಿಂದ ವಕಾಲತ್ತು ವಹಿಸಿದ ಆರು ಆಲ್ಬಮ್‌ಗಳಿಂದ ಒಂದೇ ಒಂದು ಹಾಡಿಲ್ಲ. ಬ್ಲೇಜ್ ಬೇಲಿಯ ಕಾಲದ ಎರಡು ಆಲ್ಬಮ್‌ಗಳಿಂದಲೂ ಇಲ್ಲ. ಐವತ್ತು ವರ್ಷಗಳನ್ನು ಒಂದು ಸಂಜೆಯಲ್ಲಿ ಹೇಳಬೇಕಾಗಿ ಬಂದಾಗ ಬ್ಯಾಂಡ್ ತನ್ನ ಬಾಳಿನ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಮನೆಯಲ್ಲೇ ಬಿಟ್ಟು ಬಂತು. 2006ರಲ್ಲಿ ಹೊಸ ಆಲ್ಬಮ್ ಇಡಿಯಾಗಿ ನುಡಿಸಿದ ಹಟಮಾರಿಗಳನ್ನು ನಾನೂ ಗೌರವಿಸುತ್ತೇನೆ. 2025ರಲ್ಲಿ ಅವರು ಎಲ್ಲಿ ಹೋದರು?

ಯಕ್ಷಗಾನದ ಹೋಲಿಕೆಯನ್ನು ನಾನು ಬಿಡುವಂತಿಲ್ಲ, ಏಕೆಂದರೆ ಅದು ನನ್ನ ಪಕ್ಷಕ್ಕೇ ಹೆಚ್ಚು ಒಪ್ಪುತ್ತದೆ. ಪ್ರಸಂಗ ಒಂದೇ ಇರಬಹುದು, ಆದರೆ ಅರ್ಥ ಹೇಳುವವರ ಮಾತು ರಾತ್ರಿಯಿಂದ ರಾತ್ರಿಗೆ ಬೇರೆ. ನಿನ್ನೆ ಸುಧನ್ವ ಆಡಿದ ವಾದಕ್ಕೆ ಇವತ್ತು ಅರ್ಜುನ ಹೊಸ ಉತ್ತರ ಹುಡುಕಬೇಕು. ಎದುರಿನ ವೇಷಧಾರಿ ಯಾರೆಂಬುದರ ಮೇಲೆ ಆಟದ ದಾರಿಯೇ ಬದಲಾಗುತ್ತದೆ. ಮೇಡನ್ ಒಂದು ಟೂರ್ ಪೂರ್ತಿ ಅದೇ ಹಾಡುಗಳನ್ನು, ಅದೇ ಕ್ರಮದಲ್ಲಿ, ಅದೇ ಜಾಗದಲ್ಲಿ ಬ್ಯಾಂಡಿನ ಗುರುತಾದ ಎಡ್ಡಿ ಎಂಬ ಬೊಂಬೆಯನ್ನು ವೇದಿಕೆಗೆ ತರುತ್ತ ನುಡಿಸುತ್ತದೆ. ದೀಪ, ಪರದೆ, ಬೆಂಕಿ ಎಲ್ಲ ಆ ಕ್ರಮಕ್ಕೆ ಕಟ್ಟಿಹಾಕಿದಂಥವು. ಬಯಲಾಟದ ಜೀವ ಇರುವುದು ಆಶುಮಾತಿನಲ್ಲಿ, ಮೇಡನ್ ವೇದಿಕೆಯಲ್ಲಿ ಇಲ್ಲದಿರುವುದೂ ಅದೇ.

ಸಂಗೀತದ ಒಳಕ್ಕೆ ಬಂದರೆ ನನ್ನ ತಕರಾರು ಇನ್ನೂ ಗಟ್ಟಿ. ‘ಸೆಂಜುಟ್ಸು’ 82 ನಿಮಿಷದ ಆಲ್ಬಮ್. ಅದರ ಕೊನೆಯ ಮೂರು ಹಾಡುಗಳನ್ನು ಹ್ಯಾರಿಸ್ ಒಬ್ಬರೇ ಬರೆದಿದ್ದಾರೆ, ಮೂರೂ ಹತ್ತು ನಿಮಿಷ ಮೀರಿದವು. ಮೂರರದೂ ಒಂದೇ ಮೈಕಟ್ಟು. ಮೆಲುದನಿಯ ಬೇಸ್, ಅದರ ಜೊತೆ ಒಂದು ಗಿಟಾರು, ನಂತರ ಪೂರ್ಣ ಬ್ಯಾಂಡ್, ನಡುವೆ ಓಟ, ಸಾಲಾಗಿ ಗಿಟಾರ್ ಸೋಲೊಗಳು, ಕೊನೆಗೆ ಮತ್ತೆ ಮೊದಲಿನ ಮೆಲುದನಿ. ಹಾಡುವವರು ಗಿಟಾರಿನ ರಾಗವನ್ನೇ ಅಕ್ಷರ ತುಂಬಿ ಹಿಂಬಾಲಿಸುತ್ತಾರೆ. 1998ರಿಂದ ಈ ಅಚ್ಚು ಒಡೆದಿಲ್ಲ. ಕೊನೆಯ ಹಾಡು ‘ಹೆಲ್ ಆನ್ ಅರ್ತ್’ ಕೇಳಿ ಕಣ್ಣು ತೇವವಾಗುತ್ತದೆ, ನಿಜ. ಆದರೆ ಅದನ್ನು ತಲುಪಲು ದಾಟಬೇಕಾದ ನಿಮಿಷಗಳಲ್ಲಿ ಎಷ್ಟು ಬೇಕಿತ್ತು, ಎಷ್ಟು ಬೇಡವಾಗಿತ್ತು?

ಎಂಬತ್ತರ ದಶಕದಲ್ಲಿ ‘ಬೇಡ’ ಎನ್ನುವವರೊಬ್ಬರು ಇದ್ದರು ಎಂದು ನನ್ನ ಊಹೆ. ನಿರ್ಮಾಪಕ ಮಾರ್ಟಿನ್ ಬರ್ಚ್, 2020ರಲ್ಲಿ ತೀರಿಕೊಂಡವರು. 1981ರಿಂದ 1992ರವರೆಗಿನ ಅಷ್ಟೂ ಸ್ಟುಡಿಯೊ ಆಲ್ಬಮ್ ಅವರ ಕೈಯಲ್ಲಿ ಆದವು. 1982ರ ‘ದ ನಂಬರ್ ಆಫ್ ದ ಬೀಸ್ಟ್’ ಸುಮಾರು ನಲವತ್ತು ನಿಮಿಷದ್ದು, ಅಷ್ಟರಲ್ಲೇ ಜಗತ್ತು ತಿರುಗಿತು. ಈಚಿನ ಆಲ್ಬಮ್‌ಗಳಲ್ಲಿ ಕೆವಿನ್ ಶರ್ಲಿ ಜೊತೆ ಹ್ಯಾರಿಸ್ ಅವರೇ ಸಹನಿರ್ಮಾಪಕರು. 2006ರ ಆಲ್ಬಮ್ಮನ್ನು ಅವರು ಧ್ವನಿಗೆ ಕೊನೆಯ ಹದ ಕೊಡುವ ಮಾಸ್ಟರಿಂಗ್ ಕೂಡ ಮಾಡಿಸದೆ ಹಾಗೇ ಬಿಟ್ಟರು. ಸ್ಟುಡಿಯೊದಲ್ಲಿ ಎದುರು ಮಾತಾಡುವವರು ಇಲ್ಲವಾದಾಗ ಎಷ್ಟು ದೊಡ್ಡ ಕಲಾವಿದರಾದರೂ ತಮ್ಮ ಅಭ್ಯಾಸಗಳಿಗೆ ಸೆರೆಯಾಗುತ್ತಾರೆ.

ಪ್ರಭಾವದ ಲೆಕ್ಕದಲ್ಲೂ ಸ್ವಲ್ಪ ನ್ಯಾಯ ಬೇಕು. ಜೋಡಿ ಗಿಟಾರಿನ ರಾಗ ಮೇಡನ್ ಮನೆಯಲ್ಲಿ ಹುಟ್ಟಿದ್ದಲ್ಲ. ವಿಶ್‌ಬೋನ್ ಆಶ್ 1972ರಲ್ಲೇ ಅದನ್ನು ಚೆಂದವಾಗಿ ಮಾಡಿತ್ತು, ಥಿನ್ ಲಿಝಿ ಅದಕ್ಕೆ ಬೀದಿಯ ಗತ್ತು ಕೊಟ್ಟಿತ್ತು. ನಾಗಾಲೋಟದ ತಾಳ 1976ರ ಲೆಡ್ ಝೆಪೆಲಿನ್‌ನಲ್ಲಿ ಕೇಳುತ್ತದೆ. ಬರ್ಮಿಂಗ್‌ಹ್ಯಾಮ್‌ನ ಜೂಡಾಸ್ ಪ್ರೀಸ್ಟ್ ಇವರಿಗಿಂತ ಮೊದಲೇ ಬ್ರಿಟಿಷ್ ಮೆಟಲ್‌ನಿಂದ ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತದ ಸಿಪ್ಪೆ ಸುಲಿದಿತ್ತು. ಅಮೆರಿಕದ ಮೆಟಾಲಿಕಾ ಬ್ಯಾಂಡಿನವರಿಗೆ ಮೇಡನ್ ಮೇಲೆ ಪ್ರೀತಿ ಇದ್ದೇ ಇದೆ, ಆದರೆ ಅದರ ಡ್ರಮ್ಮರ್ ಲಾರ್ಸ್ ಉಲ್ರಿಕ್ 1981ರಲ್ಲಿ ಹದಿಹರೆಯದ ಹುಡುಗನಾಗಿ ಇಂಗ್ಲೆಂಡಿಗೆ ಹೋದದ್ದು ಡೈಮಂಡ್ ಹೆಡ್ ಎಂಬ ಬ್ಯಾಂಡಿನ ಬೆನ್ನು ಹತ್ತಿ. ಮೇಡನ್ ಮಾಡಿದ್ದು ಇವೆಲ್ಲವನ್ನೂ ಒಂದೆಡೆ ಬೆಸೆದು, ಪೂರ್ಣ ರೂಪ ಕೊಟ್ಟು, ಜಗತ್ತಿನುದ್ದಕ್ಕೂ ಒಯ್ದದ್ದು. ಚಿಕ್ಕ ಸಾಧನೆಯಲ್ಲ. ಆದರೆ ಅದು 1988ರ ‘ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್’ ಹೊತ್ತಿಗೆ ಪೂರ್ತಿಯಾಗಿತ್ತು. ಗೋಥೆನ್‌ಬರ್ಗ್‌ನ ಹುಡುಗರು ಕಲಿತದ್ದು ಅಲ್ಲಿಯವರೆಗಿನ ಮೇಡನ್‌ನಿಂದ. ಕ್ರಿಪ್ಟೋಸ್ ಗಿಟಾರಿನಲ್ಲಿರುವುದೂ ಆ ಕಾಲದ ಬ್ರಿಟನ್ನೇ. 2015ರ ಆಲ್ಬಮ್ ‘ದ ಬುಕ್ ಆಫ್ ಸೋಲ್ಸ್’ ಕೇಳಿ ತಮ್ಮ ಸಂಗೀತದ ದಿಕ್ಕು ಬದಲಿಸಿದ ಬ್ಯಾಂಡ್ ಯಾವುದೆಂದು ಗೆಳೆಯರು ಹೇಳಲಿ.

ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆಯೇ. 1988ರಲ್ಲಿ ಡಾನಿಂಗ್ಟನ್ ಮೈದಾನದ ಉತ್ಸವಕ್ಕೆ ಮೇಡನ್ ಮುಖ್ಯ ಬ್ಯಾಂಡ್ ಆಗಿತ್ತು. 2022ರಲ್ಲೂ ಅದೇ ಮೈದಾನದಲ್ಲಿ, ಅದೇ ಸ್ಥಾನದಲ್ಲಿ ಮೇಡನ್ ನಿಂತಿತ್ತು. ಮೂವತ್ತನಾಲ್ಕು ವರ್ಷ! 1988ರಲ್ಲಿ ಮೇಡನ್‌ಗೆ ಆ ಜಾಗ ಸಿಕ್ಕಿದ್ದು ಹಿಂದಿನವರು ಬಿಟ್ಟುಕೊಟ್ಟದ್ದರಿಂದ, ಜನ ಹೊಸಬರ ಮೇಲೆ ನಂಬಿಕೆ ಇಟ್ಟದ್ದರಿಂದ. ನಾವು ಅಭಿಮಾನಿಗಳು ಆ ನಂಬಿಕೆಯನ್ನು ನಮ್ಮ ಕಾಲದ ಬ್ಯಾಂಡುಗಳಿಗೆ ಕೊಟ್ಟಿದ್ದೇವೆಯೇ? ಟೀ ಶರ್ಟು, ಎಡ್ಡಿಯ ಗೊಂಬೆ, ಬಿಯರ್, ಮೊಬೈಲ್ ಗೇಮ್ ಎಲ್ಲಕ್ಕೂ ನಮ್ಮ ಜೇಬಿನಲ್ಲಿ ಕಾಸಿದೆ. ನಮ್ಮೂರಿನ ಬ್ಯಾಂಡ್ ಶನಿವಾರ ಸಂಜೆ ಕ್ಲಬ್ಬಿನಲ್ಲಿ ನುಡಿಸುವಾಗ ಪ್ರವೇಶಶುಲ್ಕ ಜಾಸ್ತಿಯಾಯಿತು ಅನ್ನುತ್ತೇವೆ. ಅರಮನೆ ಮೈದಾನಕ್ಕೆ ಗುವಾಹಟಿಯಿಂದ ಬಂದವರ ಪ್ರೀತಿ ನನ್ನ ಕಣ್ಣಲ್ಲೂ ನೀರು ತರಿಸುತ್ತದೆ. ಆದರೆ ಆ ಪ್ರೀತಿಯಲ್ಲಿ ಕಾಲು ಭಾಗ ಇಲ್ಲಿನ ಗಿಟಾರಿಗರ ಪಾಲಿಗೆ ಬಂದಿದ್ದರೆ ಅವರಲ್ಲಿ ಎಷ್ಟು ಜನ ಐಟಿ ಕಂಪನಿಯ ಕೆಲಸಕ್ಕೆ ಸೇರಿ ಗಿಟಾರನ್ನು ಅಟ್ಟಕ್ಕೆ ಹಾಕುತ್ತಿರಲಿಲ್ಲ!

ಈ ಹೊತ್ತಿನ ಮೆಟಲ್ ಬೇರೆ ಕಡೆ ಉಸಿರಾಡುತ್ತಿದೆ. ದೆಹಲಿಯ ಬ್ಲಡಿವುಡ್ ಢೋಲು ಹಿಡಿದು, ಹಿಂದಿ, ಪಂಜಾಬಿಗಳಲ್ಲಿ ಕೂಗಿ 2019ರಲ್ಲಿ ವಾಕೆನ್ ವೇದಿಕೆ ಏರಿತು. ಇಷ್ಟಪಡಿ ಬಿಡಿ, ಅಲ್ಲಿ ಏನಾಗುತ್ತದೋ ಮೊದಲೇ ಗೊತ್ತಿಲ್ಲ ಎಂಬ ಪುಳಕ ಇದೆ. ಮೇಡನ್ ಮೊದಲ ಎರಡು ಆಲ್ಬಮ್‌ಗಳಲ್ಲಿ ಪಾಲ್ ಡಿ’ಆನೊ ಹಾಡುವಾಗ ಇದ್ದದ್ದೂ ಆ ಪುಳಕವೇ. 2024ರಲ್ಲಿ ಡಿ’ಆನೊ ತೀರಿಕೊಂಡ ಸುದ್ದಿ ಬಂದಾಗ ನಾನು ಆ ಎರಡು ಆಲ್ಬಮ್‌ಗಳನ್ನು ಹಾಕಿಕೊಂಡು ಕೂತೆ. ಒರಟು, ಅವಸರ, ನಾಳೆಯ ಚಿಂತೆ ಇಲ್ಲದ ದನಿ. ಲೇಟನ್ ಬೀದಿಯ ಹುಡುಗರು ಯಾರ ಅಪ್ಪಣೆಗೂ ಕಾಯದೆ ನುಡಿಸಿದ್ದು ಅದರಲ್ಲಿ ಕೇಳುತ್ತದೆ.

ಮೇಡನ್ ನಿವೃತ್ತಿಯಾಗಲಿ ಎಂದು ನಾನು ಕೇಳುತ್ತಿಲ್ಲ. ನಿಕೋ ಅವರ ಛಲಕ್ಕೆ ನಾನೂ ತಲೆಬಾಗುತ್ತೇನೆ, ಮತ್ತೆ ಬೆಂಗಳೂರಿಗೆ ಬಂದರೆ ಟಿಕೆಟ್ ಸಾಲಿನಲ್ಲಿ ಗೆಳೆಯರ ಪಕ್ಕದಲ್ಲೇ ನಿಂತಿರುತ್ತೇನೆ. ಆದರೆ ಅವರು ಹೆಮ್ಮೆಯಿಂದ ಹೇಳಿದ 1984ರ ಪೂರ್ವ ಯುರೋಪಿನ ಯಾತ್ರೆಯ ಬಗ್ಗೆ ಒಂದು ಸಂಗತಿ ಸೇರಿಸಬೇಕು. ಆ ಪ್ರವಾಸ ನಡೆದದ್ದು ಆಗಸ್ಟ್‌ನಲ್ಲಿ. ‘ಪವರ್‌ಸ್ಲೇವ್’ ಆಲ್ಬಮ್ ಅಂಗಡಿಗೆ ಬಂದದ್ದು ಸೆಪ್ಟೆಂಬರ್ 3ಕ್ಕೆ. ಅಂದರೆ ಆ ಆಗಸ್ಟ್‌ನಲ್ಲಿ ಬುಡಾಪೆಸ್ಟ್‌ನ ಜನ ಕೇಳಿದ ಹೊಸ ಹಾಡುಗಳಲ್ಲಿ ಕೆಲವನ್ನು ಲಂಡನ್ನಿನವರು ಕೂಡ ಇನ್ನೂ ಕೊಂಡು ಮನೆಗೆ ಒಯ್ದಿರಲಿಲ್ಲ. 2025ರ ಮೇ ತಿಂಗಳಲ್ಲಿ ಅದೇ ಬುಡಾಪೆಸ್ಟ್‌ನ ಜನರಿಗೆ ಮೇಡನ್ ನುಡಿಸಿದ ಅತ್ಯಂತ ಹೊಸ ಹಾಡು ಮೂವತ್ತಮೂರು ವರ್ಷ ಹಳೆಯದು.